ತೋಟದಪ್ಪನ ಛತ್ರದ ಮುಂದ ನಿಂದ್ರು

ನಾನು ಮೊದಲ ಸಲ ಬೆಂಗಳೂರಿಗೆ ಹೊರಟಾಗ ಅಪ್ಪ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹೇಳಿದ ಮಾತು ಒಂದೇ. "ಸ್ಟೇಷನ್ನಿಂದ ಹೊರಗ ಬಂದ್ರ ಎದುರಿಗೇ ತೋಟದಪ್ಪನ ಛತ್ರ ಅದ. ಹಾದಿ ತಪ್ಪಿತು ಅನಸಿದ್ರ ಎಲ್ಲೂ ಹೋಗಬ್ಯಾಡ, ಅದರ ಮುಂದ ಬಂದು ನಿಂದ್ರು."

ನಾನು ಹೂಂ ಅಂದೆ. ಆದರೆ ಹಾದಿ ತಪ್ಪಲಿಲ್ಲ. ಗೆಳೆಯ ಬಂದು ಕರೆದುಕೊಂಡು ಹೋದ, ಪಿ.ಜಿ. ಸಿಕ್ಕಿತು, ಕೆಲಸ ಸಿಕ್ಕಿತು, ಮೊಬೈಲಿನಲ್ಲಿ ಮ್ಯಾಪ್ ಬಂತು. ಆಮೇಲಿನ ವರ್ಷಗಳಲ್ಲಿ ಎಷ್ಟು ಸಲ ಆ ಛತ್ರದ ಮುಂದೆ ಆಟೋಗೆ ಕಾದಿದ್ದೇನೋ ಲೆಕ್ಕವಿಲ್ಲ. ಆದರೆ ತೋಟದಪ್ಪ ಯಾರು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಯಾವುದೋ ಮಠದ ಸ್ವಾಮಿಗಳಿರಬೇಕು ಅಂದುಕೊಂಡಿದ್ದೆ. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ ನನಗೆ ಗೊತ್ತಿಲ್ಲ. ಮೆಜೆಸ್ಟಿಕ್‌ನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆ ಅಂತಲೇ ಹೆಸರು. ಕ್ಯಾಬ್ ಬುಕ್ ಮಾಡುವಾಗ ಆ ಹೆಸರು ನೀವೂ ಒತ್ತಿರುತ್ತೀರಿ.

ಕಡೆಗೂ ನಾನು ಆ ಮನುಷ್ಯನನ್ನು ಹುಡುಕಿಕೊಂಡು ಹೋಗಲು ಕಾರಣವಾದದ್ದು ಬೆಂಗಳೂರಲ್ಲ, ಸೇಡಂನಲ್ಲಿರುವ ನಮ್ಮದೇ ಹಳೆಯ ಮನೆ.

ನಮ್ಮ ಮುತ್ಯಾನ ಅಪ್ಪ ಕಟ್ಟಿಸಿದ ಮನೆ ಅದು. ತೊಗರಿ ಅಡತ್ ಅಂಗಡಿ ಇಟ್ಟಿದ್ದರು. ಊರಲ್ಲಿ ಅದಕ್ಕೆ ಈಗಲೂ ಸಾವ್ಕಾರರ ವಾಡೆ ಅಂತಲೇ ಹೆಸರು. ಕಲ್ಲಿನ ಗೋಡೆ, ನೆಲಕ್ಕೆಲ್ಲ ಶಹಾಬಾದಿನ ಫರಸಿ, ಮುಂದೆ ಉದ್ದನೆಯ ಪಡಸಾಲಿ, ಅಂಗಳದ ಮೂಲೆಯಲ್ಲಿ ಕಾಳು ತುಂಬುವ ಹಗೇವು. ಆ ಮನೆಯ ಕಾಗದಗಳು ಉರ್ದುವಿನಲ್ಲಿವೆ. ನಿಜಾಮರ ಕಾಲದಲ್ಲಿ ಕಚೇರಿ, ಸಾಲೆ ಎಲ್ಲ ಉರ್ದು. ಮುತ್ಯಾನಿಗೆ ಓದಲು ಬರುತ್ತಿತ್ತು, ಅಪ್ಪನಿಗೆ ಅಲ್ಪಸ್ವಲ್ಪ, ನಮಗೆ ಯಾರಿಗೂ ಬರುವುದಿಲ್ಲ. ನಮ್ಮ ಮನೆ ಯಾರದು ಅಂತ ಹೇಳುವ ಕಾಗದವನ್ನು ಓದಲು ನಾವು ಬೇರೆಯವರಿಗೆ ರೊಕ್ಕ ಕೊಡಬೇಕು!

ಈಗ ಆ ಮನೆಗೆ ಏಳು ಜನ ಪಾಲುದಾರರು. ಒಂದು ಪಾಲಿನವರು ನಡುಮನೆಯಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ ಬಹಳ ದಿನವಾಯಿತು. ಇನ್ನೊಬ್ಬರ ಪಾಲಿಗೆ ಅರ್ಧ ಹಗೇವು ಬಂದಿದೆ. ಹಗೇವನ್ನು ಅರ್ಧ ಮಾಡೋದು ಹೆಂಗ? ಅದನ್ನೂ ಮಾಡಿದ್ದಾರೆ, ಕಾಗದದ ಮೇಲೆ. ಹೋದ ವರ್ಷ ಕಾಕಾ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದರು, "ಖಾಲಿ ಜಾಗಕ್ಕ ಛಲೋ ರೇಟ್ ಬಂದದ. ಕೆಡವಿ ಕೊಟ್ಟುಬಿಡೋಣು." ಆರು ಜನ ಹೆಬ್ಬೆರಳು ಎತ್ತಿದರು. ಅಪ್ಪ ಎತ್ತಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ.

ಅದೇ ವಾರ ನಾನು ಊರಿಂದ ವಾಪಸ್ ಬಂದು ಬೆಳಗಿನ ಜಾವ ಸ್ಟೇಷನ್ನಿನಲ್ಲಿ ಇಳಿದೆ. ಎದುರಿಗೆ ಛತ್ರ. ಒಬ್ಬ ವ್ಯಾಪಾರಿ ಕಟ್ಟಿಸಿದ ಮನೆ ನೂರು ವರ್ಷ ದಾಟಿಯೂ ಒಂದೇ ಮನೆಯಾಗಿ ನಿಂತಿದೆ. ಇನ್ನೊಬ್ಬ ವ್ಯಾಪಾರಿಯದು ಏಳು ಚೂರಾಗಿದೆ. ಹೆಂಗ?

ಗುಬ್ಬಿ ತೋಟದಪ್ಪ ಸ್ವಾಮಿಗಳಲ್ಲ, ವ್ಯಾಪಾರಿ. ಹುಟ್ಟಿದ್ದು 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ. ಕುಟುಂಬ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತಿತು. ಚಿಕ್ಕಪೇಟೆ, ಮಾಮೂಲುಪೇಟೆಯ ಸಂದಿಗಳಲ್ಲಿ ನೀವು ಒಮ್ಮೆಯಾದರೂ ಸಿಕ್ಕಿಕೊಂಡಿದ್ದರೆ ಗೊತ್ತಿರುತ್ತದೆ, ಅಲ್ಲಿ ಇವತ್ತಿಗೂ ಗಲ್ಲೆಯ ಮೇಲೆ ಕೂತವರೇ ದೊಡ್ಡವರು. ತೋಟದಪ್ಪ ಆ ಗಲ್ಲೆಯಿಂದ ಬೆಳೆದವರು. ದುಡಿದರು, ಗಳಿಸಿದರು. ಗಂಡಹೆಂಡತಿಗೆ ಮಕ್ಕಳಾಗಲಿಲ್ಲ.

ಮಕ್ಕಳಿಲ್ಲದ ಸಾಹುಕಾರರ ಮುಂದೆ ಆ ಕಾಲದಲ್ಲಿ ಎರಡು ಹಾದಿ ಇದ್ದವು. ಅಣ್ಣತಮ್ಮಂದಿರ ಮಗನೊಬ್ಬನನ್ನು ದತ್ತು ತೆಗೆದುಕೊಳ್ಳುವುದು, ಇಲ್ಲವೇ ಗುಡಿ ಕಟ್ಟಿಸಿ ಗೋಪುರದಲ್ಲಿ ಹೆಸರು ಕೆತ್ತಿಸುವುದು. ತೋಟದಪ್ಪ ಮೂರನೆಯ ಹಾದಿ ಹಿಡಿದರು. 1897ರಲ್ಲಿ ರೈಲ್ವೆ ಇಲಾಖೆಯಿಂದ ಸ್ಟೇಷನ್ನಿನ ಹತ್ತಿರವೇ ಎರಡೂವರೆ ಎಕರೆ ಜಾಗ ಕೊಂಡರು. ಬೆಲೆ 10,000 ರೂಪಾಯಿ. ಅಲ್ಲಿ ಅವರು ತಮಗಾಗಿ ಬಂಗಲೆ ಕಟ್ಟಿಸಲಿಲ್ಲ. ಪ್ರಯಾಣಿಕರಿಗೆ ಛತ್ರ, ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಕಟ್ಟಿಸಿದರು.

ಜಾಗ ಆರಿಸಿದ್ದರಲ್ಲೇ ವ್ಯಾಪಾರಿಯ ಬುದ್ಧಿ ಕಾಣುತ್ತದೆ ನೋಡಿ. ಹಳೆಯ ಕಾಲದ ಛತ್ರಗಳು ಇರುತ್ತಿದ್ದದ್ದು ಗುಡಿಯ ಹತ್ತಿರ, ಕೆರೆಯ ಹತ್ತಿರ, ಊರಿಂದ ಊರಿಗೆ ಹೋಗುವ ಬಂಡಿ ದಾರಿಯಲ್ಲಿ. ಅಲ್ಲಿಗೆ ಬರುವವರು ಯಾತ್ರಿಕರು. ಆದರೆ 1864ರಲ್ಲಿ ದಂಡು ಪ್ರದೇಶಕ್ಕೆ ಮದ್ರಾಸ್ ಕಡೆಯಿಂದ ರೈಲು ಬಂದಿತ್ತು. 1880ರ ದಶಕದಲ್ಲಿ ಮೈಸೂರಿನ ಹಳಿ, ತುಮಕೂರು ದಾಟಿ ಗುಬ್ಬಿಗೆ ಹೋಗುವ ಹಳಿ ಬಿದ್ದವು. 1889ರ ಹೊತ್ತಿಗೆ ಹರಿಹರದವರೆಗೂ ರೈಲು. ಹಾಗಾಗಿ ಹೊಸ ಬಗೆಯ ಪ್ರಯಾಣಿಕ ಹುಟ್ಟಿಕೊಂಡ. ಕೋರ್ಟಿನ ಕೆಲಸಕ್ಕೆ ಬಂದ ರೈತ, ಅರ್ಜಿ ಹಿಡಿದು ಬಂದ ಶಾನುಭೋಗ, ಸೆಂಟ್ರಲ್ ಕಾಲೇಜಿಗೆ ಸೇರಲು ಬಂದ ಹುಡುಗ. ಇವರು ದೇವರ ದರ್ಶನಕ್ಕೆ ಬಂದವರಲ್ಲ, ಸರ್ಕಾರದ ದರ್ಶನಕ್ಕೆ ಬಂದವರು. ರೈಲು ಇಳಿದ ಕೂಡಲೇ ಅವರಿಗೆ ಮೊದಲು ಬೇಕಾದದ್ದು ನಂಬಿಕೆಯಿಂದ ಗಂಟು ಇಳಿಸಿಡುವ ಒಂದು ಜಾಗ.

ಆಗ ಸ್ಟೇಷನ್ನಿನ ಎದುರು ಮೆಜೆಸ್ಟಿಕ್ ಬಸ್ ನಿಲ್ದಾಣ ಇರಲಿಲ್ಲ, ಧರ್ಮಾಂಬುಧಿ ಕೆರೆ ಇತ್ತು. ಇವತ್ತು ನೀವು ಬಸ್ಸಿಗೆ ಕಾಯುವುದು ಆ ಕೆರೆಯ ಅಂಗಳದಲ್ಲಿ.

ಜಾಗ ಕೊಂಡ ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲೇ ಬಂತು. ಪೇಟೆಯ ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದದ್ದೇ ಆ ಭಯದಲ್ಲಿ. ರೈಲಿನಿಂದ ಇಳಿದ ಪರ ಊರಿನವನನ್ನು ನೋಡಿದರೆ ಊರು ಹೌಹಾರುತ್ತಿದ್ದ ಕಾಲ ಅದು. ಕೊರೋನಾ ಹೊತ್ತಿನಲ್ಲಿ ಊರ ಅಗಸಿಗೆ ಮುಳ್ಳು ಕಂಟಿ ಹಾಕಿದ್ದು ನೀವೂ ನೋಡಿದ್ದೀರಿ, ಹಾಗಾಗಿ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆ ಕಾಲವನ್ನು ದಾಟಿಕೊಂಡು, ರೈಲಿನಿಂದ ಇಳಿದವರಿಗಾಗಿಯೇ ಕಟ್ಟಿದ ಮನೆಯ ಬಾಗಿಲು 1903ರ ಫೆಬ್ರವರಿ 11ರಂದು ತೆರೆಯಿತು. ಉದ್ಘಾಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರಿಗೆ ಆಗ ಹದಿನೆಂಟು ವರ್ಷ, ಅಧಿಕಾರ ವಹಿಸಿಕೊಂಡು ಆರು ತಿಂಗಳಾಗಿತ್ತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಇಲ್ಲಿನ ಮೊದಲ ಹುಡುಗರು ಓದಿದ್ದು ಎಣ್ಣೆ ದೀಪದ ಬೆಳಕಿನಲ್ಲಿ.

ಕಟ್ಟಿಸುವುದು ಸುಲಭ, ನಡೆಸುವುದು ಕಷ್ಟ. ತೋಟದಪ್ಪನವರ ನಿಜವಾದ ಜಾಣತನ ನನಗೆ ಕಂಡದ್ದು ಇಲ್ಲಿ. ಕಡೆಗಾಲದಲ್ಲಿ ಅವರು ತಮ್ಮ ಆಸ್ತಿಯನ್ನೆಲ್ಲ ಒಂದು ಧರ್ಮಸಂಸ್ಥೆಗೆ ಬರೆದುಕೊಟ್ಟರು. ಅದರ ಮೊದಲ ಅಧ್ಯಕ್ಷರಾಗಿ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ಕೂರಿಸಿದರು. ಟೌನ್ ಹಾಲ್‌ಗೆ ಹೆಸರು ಬಂದಿದೆಯಲ್ಲ, ಅದೇ ಪುಟ್ಟಣ್ಣ ಚೆಟ್ಟಿ. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾದವರು, ಸರ್ ಪದವಿ ಪಡೆದವರು. ಆಸ್ತಿಯನ್ನು ನಂಬಿ ಬಿಟ್ಟು ಹೋಗಲು ತೋಟದಪ್ಪ ಆರಿಸಿದ್ದು ಸಾರ್ವಜನಿಕ ಕೆಲಸದಲ್ಲಿ ಹೆಸರು ಮಾಡಿದ, ಲೆಕ್ಕ ಕೇಳಿದರೆ ಕೊಡಬಲ್ಲ ಮನುಷ್ಯನನ್ನು.

ಇದರ ಅರ್ಥ ಏನು ಅಂದರೆ, ದಾನ ಕೊಟ್ಟದ್ದು ಹಣವಲ್ಲ, ಹಣ ಹುಟ್ಟುವ ಮೂಲ. ಹಣ ಕೊಟ್ಟರೆ ಅದು ಒಂದು ದಿನ ಖರ್ಚಾಗಿ ಮುಗಿಯುತ್ತದೆ. ಆಸ್ತಿ ಸಂಸ್ಥೆಯ ಹೆಸರಿನಲ್ಲಿದ್ದರೆ ಅದರ ಆದಾಯದಲ್ಲಿ ಊಟ, ದೀಪ, ರಿಪೇರಿ ನಡೆಯುತ್ತವೆ. ಅದನ್ನು ಮಾರಿ ಹಂಚಿಕೊಳ್ಳಲು ವಾರಸುದಾರರಿಲ್ಲ. ನಮ್ಮ ಕಂಪನಿಗಳಲ್ಲಿ ಎಂಡೋಮೆಂಟ್, ಕಾರ್ಪಸ್ ಅಂತ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವುದನ್ನೇ ಮಾಮೂಲುಪೇಟೆಯ ಒಬ್ಬ ವ್ಯಾಪಾರಿ ಕಿರ್ದಿ ಪುಸ್ತಕದ ಲೆಕ್ಕದಲ್ಲಿ ಕಂಡುಕೊಂಡಿದ್ದರು. ಅದೇ ದಶಕದಲ್ಲಿ ಇನ್ನೊಬ್ಬ ದೊಡ್ಡ ವ್ಯಾಪಾರಿ ಜೆ.ಎನ್. ಟಾಟಾ ಅವರ ದಾನದಿಂದ ಇದೇ ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಹುಟ್ಟಿತು, 1909ರಲ್ಲಿ. ಟಾಟಾ ಹೆಸರು ಜಗತ್ತಿಗೆಲ್ಲ ಗೊತ್ತು. ಆದರೆ ಅಂಥ ದೊಡ್ಡ ಸಂಸ್ಥೆಗಳ ಬಾಗಿಲಿನವರೆಗೆ ಹೋಗುವ ಮೊದಲು ಹಳ್ಳಿಯ ಹುಡುಗನಿಗೆ ಒಂದು ಚಾಪೆ, ಎರಡು ಹೊತ್ತಿನ ಊಟ ಬೇಕು. ಆ ಮೊದಲ ಮೆಟ್ಟಿಲು ಕಟ್ಟಿದವರು ತೋಟದಪ್ಪನಂಥವರು.

1905ರಲ್ಲಿ ನಾಲ್ವಡಿಯವರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದು ಕೊಟ್ಟರು. 1910ರಲ್ಲಿ ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಎಂದಿತು. ಅದೇ ವರ್ಷ ಫೆಬ್ರವರಿ 21ರಂದು, 72ನೇ ವಯಸ್ಸಿನಲ್ಲಿ, ತೋಟದಪ್ಪ ತೀರಿಕೊಂಡರು. ಸಂಸ್ಥೆ ಉಳಿಯಿತು. ಛತ್ರದಲ್ಲಿ ಇವತ್ತಿಗೂ ಪ್ರಯಾಣಿಕರು ಇಳಿಯುತ್ತಾರೆ, ವಿದ್ಯಾರ್ಥಿನಿಲಯದಲ್ಲಿ ಹುಡುಗರು ಓದುತ್ತಾರೆ.

ಇಷ್ಟು ಹೇಳಿ ಕೈ ಮುಗಿದರೆ ಲೇಖನ ಮುಗಿಯುತ್ತದೆ. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ, ಅದನ್ನೂ ಹೇಳಿಬಿಡಬೇಕು.

ಆ ಕಾಲದ ಛತ್ರ ಅಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುವ ಜಾಗವಲ್ಲ. ನಾಡಿನ ತುಂಬ ಛತ್ರಗಳಲ್ಲಿ ಪಂಕ್ತಿಭೇದ ಇತ್ತು. ಕೆಲವರಿಗೆ ಒಳಗೆ, ಕೆಲವರಿಗೆ ಜಗಲಿ, ಕೆಲವರಿಗೆ ಅದೂ ಇಲ್ಲ. ತೋಟದಪ್ಪನವರ ವಿದ್ಯಾರ್ಥಿನಿಲಯವೂ ವೀರಶೈವ ಲಿಂಗಾಯತ ಹುಡುಗರಿಗಾಗಿ ಬೆಳೆದದ್ದು. ಅದು ಅವರೊಬ್ಬರ ತಪ್ಪಲ್ಲ, ಆ ಹೊತ್ತಿನ ಮೈಸೂರು ಸೀಮೆ ನಡೆದದ್ದೇ ಹಾಗೆ. 1906ರಲ್ಲಿ ಒಕ್ಕಲಿಗರ ಸಂಘ ಬಂತು, ಒಂದೊಂದೇ ಸಮುದಾಯ ತನ್ನ ಮಕ್ಕಳಿಗೆ ತಾನೇ ಹಾಸ್ಟೆಲ್ ಕಟ್ಟಿಕೊಂಡಿತು. ಸರ್ಕಾರಿ ನೌಕರಿಯೆಲ್ಲ ಒಂದೇ ವರ್ಗದ ಕೈಯಲ್ಲಿದ್ದಾಗ ಉಳಿದವರು ಓದಿ ಮೇಲೆ ಬರಲು ಹಾಸ್ಟೆಲ್ಲೇ ಏಣಿಯಾಯಿತು. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸುವ ಹೊತ್ತಿಗೆ, ನಮಗೂ ಪಾಲು ಕೊಡಿ ಅಂತ ಕೇಳಲು ಓದಿದ ಒಂದು ತಲೆಮಾರು ತಯಾರಾಗಿತ್ತು. ಅದರ ಹಿಂದೆ ಇಂಥ ಹಾಸ್ಟೆಲ್ಲುಗಳ ಮುದ್ದೆ, ಸಾರು, ಎಣ್ಣೆ ದೀಪ ಇವೆ. ಆದರೆ ಯಾರ ಸಮುದಾಯದಲ್ಲಿ ಸಾಹುಕಾರರೇ ಇರಲಿಲ್ಲವೋ, ಅವರ ಮಕ್ಕಳಿಗೆ ಏಣಿ ಹಾಕುವವರು ಯಾರು? ಆ ಪ್ರಶ್ನೆಗೆ ಸರ್ಕಾರಿ ಹಾಸ್ಟೆಲ್ಲುಗಳು ಉತ್ತರ ಕೊಡಬೇಕಾಯಿತು, ಬಹಳ ತಡವಾಗಿ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಚಿತ್ತಾಪುರದ ನನ್ನ ಗೆಳೆಯನೊಬ್ಬ, ನನ್ನದೇ ಸಂಬಳ, ನನ್ನದೇ ಆಫೀಸು, ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ನನ್ನ ಜೊತೆ ಬಂದಿದ್ದ. ಮನೆ ಯಜಮಾನರು ಕಾಫಿ ಕೊಟ್ಟು, ಊರು ಕೇಳಿ, ಅಪ್ಪನ ಹೆಸರು ಕೇಳಿ, ಕಡೆಗೆ "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಅಂದರು. ಅವನು ಹೇಳಿದ. ಎರಡು ದಿನ ಬಿಟ್ಟು ಫೋನ್ ಬಂತು, ಮನೆ ಬೇರೆಯವರಿಗೆ ಹೋಯಿತಂತೆ. ಬೋರ್ಡು ಮಾತ್ರ ಮುಂದಿನ ತಿಂಗಳೂ ಅಲ್ಲೇ ನೇತಾಡುತ್ತಿತ್ತು. ಪರ ಊರಿನಲ್ಲಿ ಒಂದು ರಾತ್ರಿ ತಲೆ ಊರುವ ಜಾಗ ಅನ್ನುವುದು ಇಷ್ಟು ದೊಡ್ಡ ವಿಷಯ.

ಚಿತ್ತಾಪುರ ಅಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮ ಕಡೆಯವರು ಓದಲು ಹೊರಗೆ ಹೋಗಬೇಕು ಅನ್ನುವುದು ಎಲ್ಲರ ಬಾಯಲ್ಲಿದೆ. ಆದರೆ ಒಂದು ಕಾಲದಲ್ಲಿ ಓದಲು ಇಲ್ಲಿಗೇ ಬರುತ್ತಿದ್ದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ ಇತ್ತು. 1058ರ ಶಾಸನ ಅಲ್ಲಿದೆ. ಒಂದನೇ ಸೋಮೇಶ್ವರನ ಅಧಿಕಾರಿ ಮಧುಸೂದನ ಎಂಬುವನು ಅಲ್ಲಿ ಶಾಲೆ ಕಟ್ಟಿಸಿ, ವೇದ ಓದುವ 200 ಮಂದಿಗೆ, ಶಾಸ್ತ್ರ ಓದುವ 52 ಮಂದಿಗೆ ಊಟ ವಸತಿಯ ಏರ್ಪಾಟು ಮಾಡಿದ. ಪುಸ್ತಕ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗಳು! ಅದರ ಖರ್ಚಿಗೂ ಭೂಮಿಯನ್ನೇ ಬಿಟ್ಟಿದ್ದರು, ಬರೀ ಹಣವನ್ನಲ್ಲ. ತೋಟದಪ್ಪನ ಲೆಕ್ಕ ನಮ್ಮೂರ ಹೊಲದಲ್ಲಿ ಎಂಟುನೂರು ವರ್ಷದ ಹಿಂದೆಯೇ ಇತ್ತು ಅಂದ ಹಾಗಾಯಿತು. ಅಲ್ಲೂ ಎಲ್ಲರಿಗೂ ಪ್ರವೇಶ ಇರಲಿಲ್ಲ, ಅದು ಬೇರೆ ಹೇಳಬೇಕಿಲ್ಲ. ಅದೇ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋದರೆ ಇನ್ನೂ ಸಾವಿರ ವರ್ಷ ಹಿಂದಿನ ಬೌದ್ಧ ಸ್ತೂಪದ ಕಲ್ಲುಗಳಿವೆ. ಅಲ್ಲಿಯ ರಾಯೋ ಅಸೋಕೋ ಎಂಬ ಬರಹವಿರುವ ಅಶೋಕನ ಶಿಲ್ಪ ಪೇಪರಿನಲ್ಲೆಲ್ಲ ಬಂತು. ಆದರೆ ಆ ಕಲ್ಲುಗಳಲ್ಲಿ ರಾಜರ ಜೊತೆಗೆ ದಾನ ಕೊಟ್ಟ ಗೃಹಸ್ಥರ, ಭಿಕ್ಷುಗಳ, ಭಿಕ್ಷುಣಿಯರ ಹೆಸರೂ ಇವೆ.

ಆಮೇಲೆ ಏನಾಯಿತು? 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲ ಆ ಹಳಿಯ ಮೇಲೆ. ಶಹಾಬಾದಿನ ಕಲ್ಲು ರೈಲು ಹತ್ತಿ ದೇಶ ಸುತ್ತಿತು. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ಓದುವವರು ಹೈದರಾಬಾದಿಗೆ ಹೋಗುತ್ತಿದ್ದರು, ಉರ್ದುವಿನಲ್ಲಿ ಓದುತ್ತಿದ್ದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಒಂದೇ ರಾತ್ರಿಯಲ್ಲಿ ನಮ್ಮ ರಾಜಧಾನಿ ಹತ್ತಿರದ ಹೈದರಾಬಾದಿನಿಂದ ದೂರದ ಬೆಂಗಳೂರಾಯಿತು. ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಅಲ್ಲಿಯವರೆಗೆ ನಮ್ಮವರು ಅರ್ಜಿ, ಇಂಟರ್‌ವ್ಯೂ, ವರ್ಗಾವಣೆ ಅಂತ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದು ಇಳಿಯುತ್ತಿದ್ದದ್ದು ಅದೇ ಸ್ಟೇಷನ್ನಿನಲ್ಲಿ. ಗುಬ್ಬಿಯ ವ್ಯಾಪಾರಿ ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿರಲಿಲ್ಲ. ನಾವು ಆಗ ಬೇರೆ ರಾಜ್ಯದ ಪ್ರಜೆಗಳು. ಆದರೂ ಆ ಮನೆ ನಮಗೂ ಆಯಿತು. ಅಪ್ಪ 1983ರಲ್ಲಿ ನೌಕರಿಯ ಇಂಟರ್‌ವ್ಯೂಗೆ ಬಂದಾಗ ಅಲ್ಲೇ ಇಳಿದಿದ್ದರಂತೆ. ನೌಕರಿ ಸಿಗಲಿಲ್ಲ. ಛತ್ರ ಮಾತ್ರ ನೆನಪಿನಲ್ಲಿ ಉಳಿಯಿತು.

ಇದನ್ನೆಲ್ಲ ಓದಿ ತಲೆ ಬಿಸಿಯಾಗಿದ್ದ ದಿನ ನಾನು ಮನೆಯವರ ವಿಡಿಯೋ ಕಾಲ್‌ನಲ್ಲಿ ಬಾಯಿ ಬಿಟ್ಟೆ. ವಾಡೆ ಕೆಡವೋದು ಬ್ಯಾಡ, ಹಳ್ಳಿಯಿಂದ ಸೇಡಂ ಕಾಲೇಜಿಗೆ ಬರುವ ಮಕ್ಕಳಿಗೆ ಕೂತು ಓದಲು, ಪರೀಕ್ಷೆಯ ದಿನಗಳಲ್ಲಿ ಉಳಿಯಲು ಬಿಟ್ಟುಕೊಡೋಣ ಅಂದೆ. ಚಿಂಚೋಳಿ ಕಡೆಯ ಹುಡುಗರು ಬಸ್ಸು ತಪ್ಪಿದರೆ ಬಸ್ ಸ್ಟ್ಯಾಂಡಿನಲ್ಲೇ ಮಲಗುವುದನ್ನು ನಾನೇ ನೋಡಿದ್ದೇನೆ.

ಕಾಕಾ ನಕ್ಕರು. "ಬೆಂಗಳೂರಾಗ ಕುಂತು ದಾನ ಮಾಡೋದು ಸಸ್ತಾ ಅದ ತಮ್ಮಾ." ಆಮೇಲೆ ಕೇಳಿದರು, "ಯಾವ ಹುಡುಗ್ರು? ನಮ್ಮ ಜನದವರಾ?"

ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದೆ. ಮೊದಲ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಯಾಕಂದರೆ ಅದು ಖರೆ. ಎರಡನೆಯದಕ್ಕೆ ಉತ್ತರ ಇತ್ತು, ಆದರೆ ದೊಡ್ಡವರ ಮುಂದೆ ನಾಲಿಗೆ ಏಳಲಿಲ್ಲ.

ಮಾತಾಡಿದ್ದು ಅಪ್ಪ. "ಇಡೀ ಮನಿ ಬ್ಯಾಡಪಾ, ಅವರವರ ಪಾಲು ಅವರಿಗಿರಲಿ. ಪಡಸಾಲಿ ಬಿಟ್ಟುಬಿಡ್ರಿ. ಪಡಸಾಲಿ ಎಂದರೆ ನಮ್ಮದು ಇತ್ತೇನು? ತೊಗರಿ ಗಾಡಿ ಹೊಡಕೊಂಡು ಬಂದವರು, ಸಂತಿಗೆ ಬಂದವರು, ಯಾರ‍್ಯಾರೋ ಮಲಗತಿದ್ರು ಅಲ್ಲಿ. ನಮ್ಮಪ್ಪ ಅವರ ಜಾತಿ ಕೇಳಿದ್ದು ನಾ ನೋಡಿಲ್ಲ. ಕೇಳಿದ್ರ ಮರುದಿನ ಅವರು ಬ್ಯಾರೆ ಅಡತಿಗೆ ಹೋಗತಿದ್ರು."

ಎಲ್ಲರೂ ನಕ್ಕರು, ಕಾಕಾನೂ ನಕ್ಕರು. ದಾನದ ಮಾತಿಗೆ ಒಪ್ಪದ ಮಂದಿ ವ್ಯಾಪಾರದ ಮಾತಿಗೆ ಸ್ವಲ್ಪ ಮೆತ್ತಗಾದರು.

ನಿರ್ಧಾರ ಇನ್ನೂ ಆಗಿಲ್ಲ. ದೀಪಾವಳಿಗೆ ಏಳೂ ಪಾಲಿನವರು ಸೇಡಂಗೆ ಬರುತ್ತಾರೆ. ಅಷ್ಟರೊಳಗೆ ನಾನು ಮಾಡಬೇಕಾದ ಕೆಲಸದ ಪಟ್ಟಿ ಬರೆದುಕೊಂಡಿದ್ದೇನೆ. ಒಂದು, ಆ ಉರ್ದು ಕಾಗದ ಓದಿಸಬೇಕು. ಎರಡು, ಪಡಸಾಲಿಯನ್ನು ಯಾರ ಪಾಲಿಗೂ ಸೇರದಂತೆ ಬರೆಯುವುದು ಹೇಗೆ ಅಂತ ವಕೀಲರನ್ನು ಕೇಳಬೇಕು. ಮೂರು, ಅದರ ದೀಪ, ನೀರು, ಸುಣ್ಣದ ಖರ್ಚು ವರ್ಷ ವರ್ಷ ಹುಟ್ಟುವಂತೆ ಬೀದಿ ಕಡೆಯ ಎರಡು ಮಳಿಗೆಗಳ ಬಾಡಿಗೆಯನ್ನು ಅದಕ್ಕೇ ಬಿಡಲು ಒಪ್ಪಿಸಬೇಕು. ನಾಲ್ಕು, ನೋಡಿಕೊಳ್ಳಲು ನಮ್ಮ ಮನೆಯವರಲ್ಲದ ಒಬ್ಬರನ್ನು ಹುಡುಕಬೇಕು.

ನಾಲ್ಕನೆಯದೇ ಕಷ್ಟ. ತೋಟದಪ್ಪನವರಿಗೆ ಪುಟ್ಟಣ್ಣ ಚೆಟ್ಟಿ ಸಿಕ್ಕಿದ್ದರು. ನಮಗೆ ಯಾರು ಸಿಗುತ್ತಾರೋ ನೋಡಬೇಕು.